ಬಿಎಸ್/ಎಂಡಿ ಅರ್ಜಿಗೆ ಹಣ ಕಟ್ಟುವ ಮುನ್ನ: ಎಚ್-4 ವೀಸಾದ ಮಕ್ಕಳ ಪೋಷಕರಿಗೆ ಎಚ್ಚರಿಕೆ

ಅಮೆರಿಕದಲ್ಲಿ ಎಚ್-1ಬಿ ಎಂಬ ಉದ್ಯೋಗ ವೀಸಾದ ಮೇಲೆ ದುಡಿಯುತ್ತಿರುವ, ಮಕ್ಕಳು ಎಚ್-4 ಎಂಬ ಅವಲಂಬಿತರ ವೀಸಾದಲ್ಲಿ ಹೈಸ್ಕೂಲು ಓದುತ್ತಿರುವ ಕನ್ನಡ ಕುಟುಂಬಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಗನೋ ಮಗಳೋ ವೈದ್ಯರಾಗಬೇಕೆಂದು ಹಂಬಲಿಸುತ್ತಿದ್ದರೆ, ಹೈಸ್ಕೂಲು ಮುಗಿಯುವಾಗಲೇ ವೈದ್ಯಕೀಯ ಸೀಟನ್ನು ಕಾಯ್ದಿರಿಸಿಕೊಡುವ ಬಿಎಸ್/ಎಂಡಿ ಕೋರ್ಸುಗಳ ಹೆಸರು ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ಅದರ ಬೆನ್ನಿಗೇ, ಆ ಸೀಟು ಪಡೆಯಲು ದಾರಿ ತೋರಿಸುತ್ತೇವೆನ್ನುವ ಸಲಹಾ ಸಂಸ್ಥೆಗಳ ಹೆಸರೂ ಬಿದ್ದಿರುತ್ತದೆ. ಅಂಥ ಒಂದು ಸಂಸ್ಥೆ ನಮ್ಮಿಂದ ಸಾವಿರಾರು ಡಾಲರ್ ಶುಲ್ಕ ಪಡೆದು, ನನ್ನ ಮಗಳಿಗೆ ಅರ್ಹತೆಯೇ ಇಲ್ಲದ ಕೋರ್ಸುಗಳಿಗೆ ಅರ್ಜಿ ಹಾಕಿಸಿತು. ಅವಳ ಅಂಕಗಳಲ್ಲಿ ಕೊರತೆ ಇರಲಿಲ್ಲ. ಅಡ್ಡಿಯಾದದ್ದು ಅವಳ ವೀಸಾ, ಮತ್ತು ಆ ಸಂಗತಿ ಸಂಸ್ಥೆಯವರಿಗೆ ಮೊದಲ ಮಾತುಕತೆಯಲ್ಲೇ ಗೊತ್ತಿತ್ತು.

ಊರಿನಲ್ಲಿರುವವರೂ ಇದನ್ನು ಓದಬಹುದಾದ್ದರಿಂದ ವ್ಯವಸ್ಥೆಯನ್ನು ಸ್ವಲ್ಪ ವಿವರಿಸುತ್ತೇನೆ. ಪಿಯುಸಿ ಮುಗಿಸಿ ನೀಟ್ ಬರೆದು ನೇರವಾಗಿ ಎಂಬಿಬಿಎಸ್ ಸೇರುವ ದಾರಿ ಅಮೆರಿಕದಲ್ಲಿಲ್ಲ. ಅಲ್ಲಿ ಮೊದಲು ನಾಲ್ಕು ವರ್ಷದ ಪದವಿ, ನಡುವೆ ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ, ಆಮೇಲೆ ನಾಲ್ಕು ವರ್ಷದ ಎಂಡಿ. ಈ ಎಂಡಿ ನಮ್ಮ ಎಂಬಿಬಿಎಸ್‌ನಂತೆ ವೈದ್ಯ ವೃತ್ತಿಯ ಮೂಲ ಪದವಿ. ವರ್ಷಕ್ಕೆ ಸುಮಾರು 50,000 ಮಂದಿ ಎಂಡಿಗೆ ಅರ್ಜಿ ಹಾಕುತ್ತಾರೆ, ಅವರಲ್ಲಿ ಅರ್ಧಕ್ಕಿಂತ ಕಡಿಮೆ ಜನರಿಗೆ ಸೀಟು ದೊರೆಯುತ್ತದೆ. ಈ ಅನಿಶ್ಚಿತತೆಯನ್ನು ಹದಿನೇಳನೆಯ ವಯಸ್ಸಿನಲ್ಲೇ ಕಳೆದುಕೊಳ್ಳುವ ಅವಕಾಶವನ್ನು ಬಿಎಸ್/ಎಂಡಿ ಕೊಡುತ್ತದೆ. ಮಿಸೌರಿ ವಿಶ್ವವಿದ್ಯಾಲಯದ ಕನ್ಸಾಸ್ ಸಿಟಿ ವಿಭಾಗದಲ್ಲಿ 1971ರಿಂದ ನಡೆಯುತ್ತಿರುವ ಇಂಥ ಕೋರ್ಸು ಆರು ವರ್ಷದ್ದು, ಬ್ರೌನ್ ವಿಶ್ವವಿದ್ಯಾಲಯದ್ದು ಎಂಟು ವರ್ಷದ್ದು, ಹೆಚ್ಚಿನವು ಏಳರಿಂದ ಎಂಟು ವರ್ಷದವು. ಒಂದೊಂದರಲ್ಲೂ ಸೀಟುಗಳು ಬಹಳ ಕಡಿಮೆ. ಮಕ್ಕಳ ಭವಿಷ್ಯದ ಬಗೆಗಿನ ಹೆತ್ತವರ ಆತಂಕ ಹೆಚ್ಚಿದಷ್ಟೂ ಸಲಹಾ ಸಂಸ್ಥೆಗಳ ವ್ಯಾಪಾರ ಬೆಳೆಯುತ್ತದೆ.

ನಾವು ಆ ಸಂಸ್ಥೆಯನ್ನು ತಿಳಿದದ್ದು ಪರಿಚಿತ ಭಾರತೀಯ ಕುಟುಂಬವೊಂದರ ಮೂಲಕ. ಅವರ ಮಗ ಇಲ್ಲೇ ಹುಟ್ಟಿದವನು, ಹುಟ್ಟಿನಿಂದಲೇ ಅಮೆರಿಕದ ಪ್ರಜೆ. ನನ್ನ ಮಗಳು ಶಿವಮೊಗ್ಗದಲ್ಲಿ ಹುಟ್ಟಿ, ಒಂದನೇ ತರಗತಿಗೆ ಇಲ್ಲಿಗೆ ಬಂದವಳು, ಎಚ್-4 ವೀಸಾದ ಮೇಲೆ ಬೆಳೆದವಳು. ಒಂದೇ ಶಾಲೆಯಲ್ಲಿ, ಒಂದೇ ಬೆಂಚಿನಲ್ಲಿ ಓದಿದ ಈ ಇಬ್ಬರು ಮಕ್ಕಳ ನಡುವೆ ಬಿಎಸ್/ಎಂಡಿ ಅರ್ಜಿಯ ಮಟ್ಟಿಗೆ ಅಜಗಜಾಂತರವಿದೆಯೆಂಬುದನ್ನು ಸಲಹೆಗಾರರು ಮೊದಲ ದಿನವೇ ಹೇಳಬೇಕಿತ್ತು. ಅವರು ಶಾಲೆಯ ಗ್ರೇಡುಗಳ ಸರಾಸರಿಯಾದ ಜಿಪಿಎ ಕೇಳಿದರು, ಕಾಲೇಜು ಪ್ರವೇಶಕ್ಕೆ ಬರೆಯುವ ಸ್ಯಾಟ್ ಪರೀಕ್ಷೆಯ ಅಂಕ ಕೇಳಿದರು, ಆಸ್ಪತ್ರೆಯಲ್ಲಿ ಎಷ್ಟು ಗಂಟೆ ಸ್ವಯಂಸೇವೆ ಮಾಡಿದ್ದಾಳೆ, ಯಾವ ವೈದ್ಯರ ಜೊತೆ ನಿಂತು ಕೆಲಸ ನೋಡಿದ್ದಾಳೆ ಎಂದು ವಿಚಾರಿಸಿದರು. ನಮ್ಮ ಗ್ರೀನ್ ಕಾರ್ಡ್, ಅಂದರೆ ಕಾಯಂ ನಿವಾಸದ ಪರವಾನಗಿ, ಇನ್ನೂ ಸರದಿಯಲ್ಲಿದೆ ಎಂದು ನನ್ನ ಪತಿಯವರು ಸ್ಪಷ್ಟವಾಗಿ ತಿಳಿಸಿದಾಗ, ಪ್ರೊಫೈಲ್ ಚೆನ್ನಾಗಿದ್ದರೆ ಅದೆಲ್ಲ ದೊಡ್ಡ ವಿಷಯವಲ್ಲ ಎಂಬ ಉತ್ತರ ಬಂತು. ಅದೇ ಬೇಸಿಗೆಯಲ್ಲಿ ಅವರು ಅವಳಿಗೆ ನರ್ಸಿಂಗ್ ಹೋಮ್ ಒಂದರಲ್ಲಿ ಸಂಬಳದ ಸಹಾಯಕಿಯ ಕೆಲಸಕ್ಕೆ ಸೇರಲು ಸೂಚಿಸಿದರು. ಎಚ್-4 ವೀಸಾದ ಮಕ್ಕಳು ಸಂಬಳಕ್ಕೆ ದುಡಿಯುವುದು ಕಾನೂನುಬಾಹಿರ; ಎಚ್-4ರಲ್ಲಿ ಕೆಲಸದ ಪರವಾನಗಿ ದೊರೆಯುವುದು ಸಂಗಾತಿಗಳಿಗೆ, ಅದೂ ಕೆಲವರಿಗೆ ಮಾತ್ರ. ಆ ಸಲಹೆಯನ್ನು ನಾವು ಪಾಲಿಸಲಿಲ್ಲ. ಪಾಲಿಸಿದ್ದರೆ ಅವಳ ಮುಂದಿನ ವೀಸಾಕ್ಕೇ ಕುತ್ತು ಬರುತ್ತಿತ್ತು.

ಹನ್ನೆರಡನೆಯ ತರಗತಿಯ ಆ ಶರತ್ಕಾಲವನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಈ ಕೋರ್ಸುಗಳ ಗಡುವು ಸಾಮಾನ್ಯ ಕಾಲೇಜುಗಳಿಗಿಂತ ಮೊದಲು, ಅನೇಕವು ನವೆಂಬರಿನಲ್ಲೇ ಮುಗಿಯುತ್ತವೆ. ವೈದ್ಯಕೀಯವೇ ಏಕೆ, ಇಷ್ಟು ಚಿಕ್ಕ ವಯಸ್ಸಿನಲ್ಲೇ ನಿರ್ಧಾರ ಏಕೆ, ಈ ಕೋರ್ಸೇ ಏಕೆ ಎಂದು ಪ್ರತಿಯೊಂದಕ್ಕೂ ಪ್ರತ್ಯೇಕ ಪ್ರಬಂಧ ಬರೆಯಬೇಕು. ಶಾಲೆಯ ಪಾಠ, ಪರೀಕ್ಷೆಗಳ ನಡುವೆ ಮಗಳು ರಾತ್ರಿಗಳನ್ನು ಅದಕ್ಕೇ ಮೀಸಲಿಟ್ಟಳು. ಅರ್ಜಿಗಳು ಹೋದ ಮೇಲೆ, ವಿದ್ಯಾರ್ಥಿನಿಯು ಅಮೆರಿಕದ ಪ್ರಜೆ ಅಥವಾ ಕಾಯಂ ನಿವಾಸಿ ಅಲ್ಲದ ಕಾರಣ ಬಿಎಸ್/ಎಂಡಿ ವಿಭಾಗಕ್ಕೆ ಪರಿಗಣಿಸಲಾಗದು ಎಂಬ ಮೊದಲ ಪತ್ರ ಬಂತು. ಅದೇ ಅರ್ಥದ ಪತ್ರಗಳು ಒಂದರ ಹಿಂದೊಂದು ಬಂದವು. ಆ ಷರತ್ತು ಆ ಕೋರ್ಸುಗಳ ಅರ್ಹತಾ ನಿಯಮಗಳಲ್ಲಿ ಮೊದಲೇ ಅಚ್ಚಾಗಿತ್ತು. ಅದನ್ನು ಓದಿ ಪಟ್ಟಿ ಮಾಡುವ ಕೆಲಸಕ್ಕೇ ನಾವು ಸಂಸ್ಥೆಗೆ ಹಣ ಕೊಟ್ಟಿದ್ದೆವು. ಅವರು ಕೊಟ್ಟದ್ದಾದರೋ ಎಲ್ಲ ಮಕ್ಕಳಿಗೂ ಕೊಡುವ ಒಂದೇ ಸಿದ್ಧ ಪಟ್ಟಿ. ಅದರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಎಚ್‌ಪಿಎಂಇ ಕೂಡ ಇತ್ತು. 1961ರಲ್ಲಿ ಆರಂಭವಾದ ಆ ಹಳೆಯ ಕೋರ್ಸು ಹೊಸಬರನ್ನು ತೆಗೆದುಕೊಳ್ಳುವುದನ್ನು ಆಗಲೇ ನಿಲ್ಲಿಸಿತ್ತು.

ಇಂಥ ಷರತ್ತು ಏಕಿದೆ ಎಂಬುದನ್ನು ಆಮೇಲೆ ನಾವೇ ಓದಿ ತಿಳಿದೆವು. ಸರ್ಕಾರಿ ವೈದ್ಯಕೀಯ ಕಾಲೇಜುಗಳು ರಾಜ್ಯದ ತೆರಿಗೆ ಹಣದಿಂದ ನಡೆಯುವುದರಿಂದ ತಮ್ಮ ರಾಜ್ಯದ ನಿವಾಸಿಗಳಿಗೆ ಆದ್ಯತೆ ಕೊಡುತ್ತವೆ. ನ್ಯೂಯಾರ್ಕಿನ ಸಿಟಿ ವಿಶ್ವವಿದ್ಯಾಲಯದಲ್ಲಿ 1973ರಲ್ಲಿ ಆರಂಭವಾದ ಕೋರ್ಸಂತೂ ವೈದ್ಯರ ಕೊರತೆಯಿರುವ ಬಡಾವಣೆಗಳಿಗೆ ವೈದ್ಯರನ್ನು ತಯಾರಿಸಲೆಂದೇ ಹುಟ್ಟಿದ್ದು. ಈ ನೀತಿಯ ಬಗ್ಗೆ ನನಗೆ ದೂರಿಲ್ಲ. ಖಾಸಗಿ ಕಾಲೇಜುಗಳಲ್ಲಿ ಹಣದ ಪ್ರಶ್ನೆ ಮುಖ್ಯವಾಗುತ್ತದೆ. ಅಮೆರಿಕದ ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಾಲ ಎಚ್-4 ಅಥವಾ ವಿದೇಶಿ ವಿದ್ಯಾರ್ಥಿಗಳ ಎಫ್-1 ವೀಸಾದವರಿಗೆ ದೊರೆಯುವುದಿಲ್ಲ. ಆದ್ದರಿಂದ ವಿದೇಶಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವ ಹಲವು ವೈದ್ಯಕೀಯ ಕಾಲೇಜುಗಳು, ಒಂದರಿಂದ ನಾಲ್ಕು ವರ್ಷದವರೆಗಿನ ಪೂರ್ತಿ ಶುಲ್ಕವನ್ನು ಮುಂಗಡವಾಗಿ ಎಸ್ಕ್ರೋ ಖಾತೆಯಲ್ಲಿ, ಅಂದರೆ ಶುಲ್ಕಕ್ಕೆಂದೇ ಮೀಸಲಾದ ಠೇವಣಿ ಖಾತೆಯಲ್ಲಿ, ಇಡಬೇಕೆಂದು ಕೇಳುತ್ತವೆ. ಅಂದರೆ ಲಕ್ಷಗಟ್ಟಲೆ ಡಾಲರ್ ಒಮ್ಮೆಗೇ ಹೊಂದಿಸಬೇಕು. ಪ್ರಜೆಗಳ ಮಕ್ಕಳಿಗೂ ಈಗ ದಾರಿ ಮೊದಲಿನಷ್ಟು ಸಲೀಸಲ್ಲ: 2025ರ ಜುಲೈನಲ್ಲಿ ಬಂದ ಕಾನೂನು, 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವ ವೈದ್ಯಕೀಯ ವಿದ್ಯಾರ್ಥಿಗಳಿಗೆ ವರ್ಷಕ್ಕೆ 50,000 ಡಾಲರ್, ಒಟ್ಟು 2,00,000 ಡಾಲರ್ ಎಂಬ ಮಿತಿ ಹಾಕಿದೆ.

ಅಷ್ಟರಲ್ಲಿ ಗ್ರೀನ್ ಕಾರ್ಡ್ ಬಂದುಬಿಡುತ್ತದೆ ಎಂದು ಸಲಹೆಗಾರರು ಧೈರ್ಯ ಹೇಳಿದರೆ ದಯವಿಟ್ಟು ನಂಬಬೇಡಿ. ಉದ್ಯೋಗದ ಆಧಾರದ ಗ್ರೀನ್ ಕಾರ್ಡುಗಳಲ್ಲಿ ಯಾವುದೇ ಒಂದು ದೇಶದಲ್ಲಿ ಹುಟ್ಟಿದವರ ಪಾಲು ಸಾಮಾನ್ಯವಾಗಿ 7% ಮೀರುವಂತಿಲ್ಲ. ಹಾಗಾಗಿ ಭಾರತದಲ್ಲಿ ಹುಟ್ಟಿದ ಇಬಿ-2, ಇಬಿ-3 ಎಂಬ ಉದ್ಯೋಗ ವರ್ಗಗಳವರ ಸರದಿ ಹತ್ತು ವರ್ಷಕ್ಕೂ ಹಿಂದೆ ಉಳಿದಿದೆ. ಇದಕ್ಕಿಂತ ಕಠಿಣವಾದದ್ದು ವಯಸ್ಸಿನ ಲೆಕ್ಕ. ಎಚ್-4 ಸ್ಥಾನಮಾನ ಮಗುವಿಗೆ 21 ತುಂಬುವವರೆಗೆ ಮಾತ್ರ. ಹದಿನೆಂಟಕ್ಕೆ ಸೇರಿದ ವಿದ್ಯಾರ್ಥಿಗೆ ಏಳೆಂಟು ವರ್ಷದ ಕೋರ್ಸಿನ ನಡುವೆಯೇ 21 ತುಂಬುತ್ತದೆ, ಎಂಡಿ ಭಾಗ ಶುರುವಾಗುವ ಹೊತ್ತಿಗೆ ಅವರು ಹೆತ್ತವರ ಅರ್ಜಿಯಿಂದ ಹೊರಬಿದ್ದು ಎಫ್-1 ವೀಸಾದ ವಿದೇಶಿ ವಿದ್ಯಾರ್ಥಿಗಳಾಗಿರುತ್ತಾರೆ. ಇಂಥ ಮಕ್ಕಳ ರಕ್ಷಣೆಗೆಂದು 2002ರಲ್ಲಿ ಬಂದ ಕಾನೂನು, ಉದ್ಯೋಗದಾತರ ಅರ್ಜಿ ಪರಿಶೀಲನೆಯಲ್ಲಿದ್ದ ಅವಧಿಯನ್ನಷ್ಟೇ ವಯಸ್ಸಿನಿಂದ ಕಳೆಯಲು ಬಿಡುತ್ತದೆ. ಸರದಿಯಲ್ಲಿ ಕಾದ ವರ್ಷಗಳನ್ನು ಅದು ಕಳೆಯುವುದಿಲ್ಲ.

ಒಂದು ಖಾಸಗಿ ಕೋರ್ಸು ಮಾತ್ರ ಮಗಳನ್ನು ಸಂದರ್ಶನಕ್ಕೆ ಕರೆದು, ಸೀಟನ್ನೂ ಕೊಟ್ಟಿತು. ಮನೆಯಲ್ಲಿ ಹಬ್ಬದ ಸಂಭ್ರಮವಿತ್ತು, ಶಿವಮೊಗ್ಗದಲ್ಲಿ ನಮ್ಮ ಅತ್ತೆಯವರು ಬೀದಿಗೆಲ್ಲ ಸಿಹಿ ಹಂಚಿದರು. ನಾವು ಪ್ರವೇಶ ಪತ್ರದ ಜೊತೆಗಿದ್ದ ಷರತ್ತುಗಳನ್ನು ಕುಳಿತು ಓದಿದೆವು. ಪ್ರತಿ ಸೆಮಿಸ್ಟರಿನಲ್ಲೂ ನಿಗದಿತ ಜಿಪಿಎ ಕಾಯ್ದುಕೊಳ್ಳಬೇಕು, ವಿಜ್ಞಾನದ ಯಾವ ವಿಷಯದಲ್ಲೂ ಬಿ ಗ್ರೇಡಿಗಿಂತ ಕೆಳಗಿಳಿಯಬಾರದು, ಎಂಕ್ಯಾಟ್‌ನಲ್ಲಿ ಅವರು ಹೇಳಿದ ಅಂಕ ಬರಬೇಕು, ಬೇರೆ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕಿದರೆ ಈ ಸೀಟು ರದ್ದಾಗುತ್ತದೆ, ಮತ್ತು ಎಂಡಿ ಆರಂಭವಾಗುವ ಮುನ್ನ ಕಾಯಂ ನಿವಾಸಿಯಲ್ಲದವರು ಪೂರ್ತಿ ಶುಲ್ಕವನ್ನು ಎಸ್ಕ್ರೋದಲ್ಲಿ ಇಡಬೇಕು. ಒಂದು ಸೆಮಿಸ್ಟರಿನ ಜ್ವರವೋ, ಮನೆಯ ಒಂದು ಸಾವೋ ಸಾಕು, ಆ ಸೀಟು ಕೈಬಿಟ್ಟುಹೋಗಲು. ಇದನ್ನೇ ಸಂಸ್ಥೆಯವರು ಖಚಿತ ಸೀಟು ಎಂದು ಕರೆಯುತ್ತಿದ್ದರು. ಎಸ್ಕ್ರೋ ಹಣವನ್ನು ಹೊಂದಿಸುವ ಶಕ್ತಿ ನಮಗಿರಲಿಲ್ಲ. ಮಗಳೇ ಅತ್ತು, ಸಮಾಧಾನ ಮಾಡಿಕೊಂಡು, ಆ ಸೀಟನ್ನು ಬಿಟ್ಟಳು. ಈಗ ಅವಳು ನಮ್ಮ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರ ಓದುತ್ತಿದ್ದಾಳೆ, ಎಲ್ಲರಂತೆ ಎಂಕ್ಯಾಟ್ ಬರೆಯುವ ತಯಾರಿಯಲ್ಲಿದ್ದಾಳೆ.

ಇನ್ನೊಂದು ಬಲೆಯ ಬಗ್ಗೆಯೂ ಹೇಳಲೇಬೇಕು. ಬ್ರೌನ್‌ನ ಕೋರ್ಸಿಗೆ ಅರ್ಲಿ ಡಿಸಿಷನ್ (ಆಯ್ಕೆಯಾದರೆ ಸೇರಲೇಬೇಕೆಂಬ ಮುಂಚಿತ ಅರ್ಜಿ) ಮೂಲಕ ಹೋದರೆ, ವೈದ್ಯಕೀಯ ಭಾಗಕ್ಕೆ ಆಯ್ಕೆಯಾಗದೆ ಬರೀ ಪದವಿಗೆ ಆಯ್ಕೆಯಾದರೂ ವಿದ್ಯಾರ್ಥಿ ಬ್ರೌನ್‌ಗೇ ಸೇರಬೇಕು, ಉಳಿದ ಕಡೆಯ ಅರ್ಜಿಗಳನ್ನು ಹಿಂತೆಗೆದುಕೊಳ್ಳಬೇಕು. ವಿಶ್ವವಿದ್ಯಾಲಯ ಇದನ್ನು ಮುಚ್ಚಿಡದೆ ತಿಳಿಸುತ್ತದೆ. ನಮ್ಮ ಸಲಹೆಗಾರರು ಅರ್ಲಿ ಡಿಸಿಷನ್‌ಗೆ ಒತ್ತಾಯಿಸಿದರೇ ಹೊರತು ಈ ಮಾತನ್ನು ಎತ್ತಲಿಲ್ಲ. ಶಾಲೆಯ ಕೌನ್ಸೆಲರ್ ಎಚ್ಚರಿಸಿದ್ದರಿಂದ ಮಗಳು ಆ ದಾರಿ ಹಿಡಿಯಲಿಲ್ಲ.

ಹಣ ಮರಳಿ ಕೇಳಿದಾಗ, ತಮ್ಮ ಸೇವೆ ಮಾರ್ಗದರ್ಶನಕ್ಕೆ ಸೀಮಿತ, ಅರ್ಹತೆಯ ಹೊಣೆ ಅರ್ಜಿದಾರರದು ಎಂಬ ಸಾಲನ್ನು ಒಪ್ಪಂದದಿಂದ ತೋರಿಸಿದರು. ಅಷ್ಟಕ್ಕೇ ನಿಲ್ಲದೆ, ಕೆರಿಬಿಯನ್ ದ್ವೀಪವೊಂದರ ವೈದ್ಯಕೀಯ ಕಾಲೇಜಿಗೆ ಸೇರಿಸುವ ಮತ್ತೊಂದು ಪ್ಯಾಕೇಜನ್ನು, ಅದಕ್ಕೂ ಪ್ರತ್ಯೇಕ ಶುಲ್ಕದೊಂದಿಗೆ, ಮುಂದಿಟ್ಟರು. ಎದೆಗುಂದಿದ್ದ ಹುಡುಗಿಯ ಎದುರಿಗೇ ಅದನ್ನು ಮಾತಾಡಿದ್ದನ್ನು ನಾನು ಕ್ಷಮಿಸಲಾರೆ. ಊರಿಗೆ ಮರಳಿ ನೀಟ್ ಬರೆಸೋಣವೆಂದು ಯೋಚಿಸಿದಾಗ ಅಲ್ಲಿಯೂ ಬಾಗಿಲು ಅರ್ಧ ಮುಚ್ಚಿತ್ತು: ಕರ್ನಾಟಕದ ಸರ್ಕಾರಿ ಕೋಟಾದ ಸಾಮಾನ್ಯ ನಿಯಮದಂತೆ ರಾಜ್ಯದಲ್ಲಿ ಕನಿಷ್ಠ 7 ವರ್ಷ ಓದಿರಬೇಕು, ಅವಳು ಅಲ್ಲಿ ಶಾಲೆಗೇ ಹೋದವಳಲ್ಲ.

ಆದ್ದರಿಂದ ಯಾರಿಗಾದರೂ ಹಣ ಕಟ್ಟುವ ಮೊದಲು, ಹತ್ತನೆಯ ತರಗತಿಯಲ್ಲೇ, ಪ್ರತಿ ಕೋರ್ಸಿನ ಪ್ರವೇಶ ಕಚೇರಿಗೆ ಮಗುವಿನ ಹೆಸರಿನಲ್ಲಿ ಇಮೇಲ್ ಬರೆಯಿರಿ. ನಾವು ಬಹಳ ತಡವಾಗಿ ಬರೆದಾಗಲೂ ಎಲ್ಲ ಕಚೇರಿಗಳೂ ಸೌಜನ್ಯದಿಂದ, ಒಂದು ಪೈಸೆ ಕೇಳದೆ ಉತ್ತರಿಸಿದವು. ಯಾವ ಎಂಡಿ ಕಾಲೇಜು ವಿದೇಶಿ ವಿದ್ಯಾರ್ಥಿಗಳ ಅರ್ಜಿ ಸ್ವೀಕರಿಸುತ್ತದೆ ಎಂಬ ಮಾಹಿತಿ ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘ ನಿರ್ವಹಿಸುವ ಎಂಎಸ್‌ಎಆರ್ ಎಂಬ ಮಾಹಿತಿಕೋಶದಲ್ಲಿದೆ. ಆದರೆ ಕಾಲೇಜು ಒಪ್ಪಿದರೂ ಅದರ ಬಿಎಸ್/ಎಂಡಿ ವಿಭಾಗ ಒಪ್ಪದಿರಬಹುದು, ಎರಡನ್ನೂ ಬೇರೆಬೇರೆಯಾಗಿ ವಿಚಾರಿಸಿ. ಇಮೇಲಿನಲ್ಲಿ ಎಚ್-4 ಎಂದು ಬರೆದರೆ ಸಾಲದು, ಕೋರ್ಸಿನ ನಡುವೆ ಎಫ್-1ಕ್ಕೆ ಬದಲಾಗಬೇಕಾಗುತ್ತದೆ ಎಂಬುದನ್ನೂ ಬರೆಯಿರಿ. ಪ್ರಜೆ ಅಥವಾ ಕಾಯಂ ನಿವಾಸಿಯಾಗಿರಬೇಕಾದದ್ದು ಅರ್ಜಿ ಹಾಕುವ ದಿನಕ್ಕೋ, ಪದವಿ ಸೇರುವ ದಿನಕ್ಕೋ, ಎಂಡಿ ಆರಂಭವಾಗುವ ದಿನಕ್ಕೋ ಎಂದು ನೇರವಾಗಿ ಕೇಳಿ, ಎಸ್ಕ್ರೋ ಎಷ್ಟು ವರ್ಷದ್ದು ಎಂದು ಕೇಳಿ, ಬಂದ ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಅಷ್ಟಾದ ಮೇಲೂ ಸಲಹಾ ಸಂಸ್ಥೆ ಬೇಕೆನಿಸಿದರೆ, ಅವರು ಸೂಚಿಸುವ ಪ್ರತಿ ಕೋರ್ಸಿಗೂ ನಿಮ್ಮ ಮಗುವಿನ ಈಗಿನ ವೀಸಾದಲ್ಲಿ ಅರ್ಹತೆಯಿದೆ ಎಂದು ಒಪ್ಪಂದದಲ್ಲೇ ಬರೆದು ಸಹಿ ಹಾಕಲು ಹೇಳಿ. ನಮ್ಮ ನಂತರ ಅದೇ ಸಂಸ್ಥೆಗೆ ಹೋದ ಪರಿಚಿತರೊಬ್ಬರು ಹಾಗೆ ಕೇಳಿದಾಗ, ಸಂಸ್ಥೆಯವರು ಅವರ ಕರೆಗಳಿಗೆ ಉತ್ತರಿಸುವುದನ್ನೇ ನಿಲ್ಲಿಸಿದರು.