ಪೈಥಾನ್‌ನ ಸಬ್‌ಪ್ರೋಸೆಸ್: ಇಷ್ಟವಾದದ್ದು, ಬೇಜಾರಾದದ್ದು

ಪೈಥಾನ್ ಒಳಗಿಂದ ಲಿನಕ್ಸ್ ಕಮಾಂಡ್ ಓಡಿಸೋಕೆ ನಾನು ತುಂಬಾ ದಿನ ಓಎಸ್.ಸಿಸ್ಟಮ್ ಅನ್ನೋ ಫಂಕ್ಷನ್ ಬಳಸುತ್ತಿದ್ದೆ. ಒಂದೇ ಸಾಲು, ಕೆಲಸ ಮುಗಿಯಿತು. ಆಮೇಲೊಂದು ದಿನ 'ಹಳೆ ವರದಿ' ಅನ್ನೋ ಫೈಲ್ ಅಳಿಸಬೇಕಿತ್ತು. ಹೆಸರಿನ ನಡುವೆ ಜಾಗ ಇದೆ ಅಲ್ವಾ, ಶೆಲ್ (ಕಮಾಂಡ್ ಸಾಲನ್ನು ಓದಿ ಓಡಿಸೋ ಪ್ರೋಗ್ರಾಂ) ಅದನ್ನು ಎರಡು ಹೆಸರು ಅಂದುಕೊಂಡಿತು. ಅದೇ ಫೋಲ್ಡರಿನಲ್ಲಿ 'ವರದಿ' ಅಂತ ಇನ್ನೊಂದು ಫೈಲ್ ಇತ್ತು, ಅದು ಹೋಯಿತು, ಹೋಗಬೇಕಾದದ್ದು ಹಾಗೇ ಉಳಿಯಿತು. ಅವತ್ತೇ ಇದೇ ಕೆಲಸಕ್ಕೆ ಪೈಥಾನ್‌ನಲ್ಲಿರೋ ಇನ್ನೊಂದು ಮಾಡ್ಯೂಲ್, ಸಬ್‌ಪ್ರೋಸೆಸ್‌ಗೆ ಬದಲಾಯಿಸಿದೆ.

ಇದೇನೂ ಹೊಸದಲ್ಲ. 2004ರಲ್ಲಿ ಪೈಥಾನ್ 2.4ರ ಜೊತೆ ಬಂತು. ಆದರೆ ನಿಜವಾಗಿ ಸುಲಭ ಆಗಿದ್ದು 2015ರಲ್ಲಿ, 3.5ರಲ್ಲಿ ರನ್ ಅನ್ನೋ ಫಂಕ್ಷನ್ ಬಂದ ಮೇಲೆ. ಕಮಾಂಡ್ ಮತ್ತು ಅದರ ಆರ್ಗ್ಯುಮೆಂಟ್‌ಗಳನ್ನು ಒಂದು ಲಿಸ್ಟ್‌ನಲ್ಲಿ ಬಿಡಿಬಿಡಿಯಾಗಿ ಕೊಡಬೇಕು, ಅಷ್ಟೇ. ನಡುವೆ ಶೆಲ್ ಬರೋದೇ ಇಲ್ಲ, ಹಾಗಾಗಿ ಜಾಗ, ಸೆಮಿಕೋಲನ್, ಡಾಲರ್ ಎಲ್ಲವೂ ಬರೀ ಅಕ್ಷರ. ಬಳಕೆದಾರರು ಹೆಸರಿನ ಜೊತೆ ಒಂದು ಕೆಟ್ಟ ಕಮಾಂಡ್ ಅಂಟಿಸಿ ಕಳಿಸಿದರೂ ಅದು ಓಡೋದಿಲ್ಲ. ಇದೊಂದೇ ಕಾರಣಕ್ಕೆ ನಾನು ಇದನ್ನು ಯಾರಿಗೆ ಬೇಕಾದರೂ ಹೇಳುತ್ತೇನೆ. ಒಂದು ಮಾತು, ನಕ್ಷತ್ರ ಚಿಹ್ನೆಯೂ (*) ಫೈಲ್ ಹೆಸರುಗಳಾಗಿ ಬಿಚ್ಚಿಕೊಳ್ಳೋದಿಲ್ಲ, ಅದಕ್ಕೆ ಪೈಥಾನ್‌ನ ಗ್ಲಾಬ್ ಮಾಡ್ಯೂಲ್ ಬಳಸಿ.

ನನಗೆ ಜಾಸ್ತಿ ಬೇಜಾರು ಇರೋದು ರನ್‌ಗೆ ಕೊಡೋ ಚೆಕ್ ಅನ್ನೋ ಆಯ್ಕೆ ಬಗ್ಗೆ. ನಾವಾಗಿ ಚೆಕ್=ಟ್ರೂ ಅಂತ ಬರೆಯದಿದ್ದರೆ, ಕಮಾಂಡ್ ಸೋತರೂ ಪೈಥಾನ್ ತುಟಿ ಬಿಚ್ಚೋದಿಲ್ಲ. ಡಿಸ್ಕ್ ತುಂಬಿ ಟಾರ್ (ಫೈಲ್‌ಗಳನ್ನು ಒಂದೇ ಕಟ್ಟು ಮಾಡೋ ಕಮಾಂಡ್) ಅರ್ಧಕ್ಕೇ ನಿಂತಿರುತ್ತದೆ, ಸ್ಕ್ರಿಪ್ಟ್ ಮಾತ್ರ ಸುಮ್ನೆ ಮುಂದಿನ ಸಾಲಿಗೆ ಹೋಗುತ್ತದೆ, ಆ ಸಾಲಿನಲ್ಲಿ ಮೂಲ ಫೈಲ್ ಅಳಿಸು ಅಂತ ಇದ್ದರೆ ಗತಿ ಏನು ಯೋಚಿಸಿ. ಇದು ಮೊದಲಿಂದಲೇ ಟ್ರೂ ಆಗಿರಬೇಕಿತ್ತು.

ಔಟ್‌ಪುಟ್ ಬೇಕಾದರೆ ಕ್ಯಾಪ್ಚರ್ ಔಟ್‌ಪುಟ್ ಜೊತೆ ಟೆಕ್ಸ್ಟ್=ಟ್ರೂ ಕೂಡ ಹಾಕಿ (ಎರಡೂ 3.7ರಿಂದ ಇವೆ). ಇಲ್ಲದಿದ್ದರೆ ಸಿಗೋದು ಬೈಟ್‌ಗಳು, ಕನ್ನಡ ಹೆಸರಿನ ಫೈಲ್ ಇದ್ದರೆ ಒಂದು 'ಕ' ಮೂರು ಬೈಟ್ ಆಗಿ ಕಾಣುತ್ತದೆ.

ಕಮಾಂಡ್ ಶುರು ಮಾಡಿ ಅದು ಮುಗಿಯೋವರೆಗೆ ಕಾಯದೆ ಮುಂದೆ ಹೋಗೋಕೆ ಇದರಲ್ಲೇ ಇರೋ ಪೊಪೆನ್ ಇನ್ನೊಂದು ಲೋಕ. ನನ್ನ ಸ್ಕ್ರಿಪ್ಟ್ ಸಣ್ಣ ಲಾಗ್‌ಗೆ ಸರಿಯಾಗಿ ಓಡುತ್ತಿತ್ತು, ದೊಡ್ಡ ಲಾಗ್ ಕೊಟ್ಟರೆ ಎರರ್ ಕೂಡ ಇಲ್ಲದೆ ನಿಂತುಬಿಡುತ್ತಿತ್ತು. ಎರಡು ದಿನ ತಲೆ ಕೆಡಿಸಿಕೊಂಡೆ. ಕಮಾಂಡ್‌ನ ಔಟ್‌ಪುಟ್ ನನ್ನ ಸ್ಕ್ರಿಪ್ಟ್‌ಗೆ ಬರೋದು ಪೈಪ್ ಮೂಲಕ, ಲಿನಕ್ಸ್‌ನಲ್ಲಿ ಅದು ಹಿಡಿಯೋದು ಸಾಮಾನ್ಯವಾಗಿ 64 ಕೆಬಿ. ಅದು ತುಂಬಿದಾಗ ಆ ಕಡೆ ಕಮಾಂಡ್ ಯಾರಾದರೂ ಓದಲಿ ಅಂತ ಕಾಯುತ್ತದೆ, ಈ ಕಡೆ ನಾನು ಬರೆದ ವೇಟ್ ಅನ್ನೋ ಫಂಕ್ಷನ್, ಕಮಾಂಡ್ ಮುಗಿಯಲಿ ಅಂತ ಕಾಯುತ್ತದೆ. ವೇಟ್ ತೆಗೆದು, ಕಾಯುತ್ತಲೇ ಔಟ್‌ಪುಟ್ ಓದೋ ಕಮ್ಯುನಿಕೇಟ್ ಹಾಕಿದೆ, ಸರಿಹೋಯಿತು. ದಾಖಲೆಯಲ್ಲಿ ಇದರ ಎಚ್ಚರಿಕೆ ಇದೆ, ನಾನು ಓದಿರಲಿಲ್ಲ.

ಕಮಾಂಡ್‌ಗೆ ಸಮಯದ ಮಿತಿ ಹಾಕೋ ಟೈಮ್‌ಔಟ್ ಕೂಡ ಒಳ್ಳೆಯದೇ, ಆದರೆ ಶೆಲ್=ಟ್ರೂ (ಶೆಲ್ ಮೂಲಕವೇ ಓಡಿಸು ಅನ್ನೋ ಆಯ್ಕೆ) ಜೊತೆ ನಂಬಬೇಡಿ. ಸಮಯ ಮುಗಿದಾಗ ಶೆಲ್ ಸಾಯುತ್ತದೆ, ಅದು ಶುರು ಮಾಡಿದ ಕಮಾಂಡ್ ಹಿಂದೆ ಓಡುತ್ತಲೇ ಇರಬಹುದು. ಹಾಗೆ ಉಳಿದವನ್ನು ನಾನು ಪಿಎಸ್ (ಓಡುತ್ತಿರೋ ಪ್ರೋಗ್ರಾಂಗಳ ಪಟ್ಟಿ ಕೊಡೋ ಕಮಾಂಡ್) ಹಾಕಿ ಹುಡುಕಿ ಒಂದೊಂದಾಗಿ ನಿಲ್ಲಿಸಿದ್ದೇನೆ.