ನಲವತ್ತು ದಿನ ಮ್ಯಾನೋಸ್ ಪುಡಿ ಕುಡಿದ ಮೇಲೆ

ದಾವಣಗೆರೆಯ ಪಿ.ಜೆ. ಬಡಾವಣೆಯ ಔಷಧದ ಅಂಗಡಿಯಲ್ಲಿ 2,300 ರೂಪಾಯಿ ಕೊಟ್ಟು ಎರಡು ಡಬ್ಬಿ ತಂದೆ. ಒಂದರಲ್ಲಿ 30 ಪೊಟ್ಟಣ, ದಿನಕ್ಕೊಂದು, ತಲಾ 2 ಗ್ರಾಂ ಡಿ-ಮ್ಯಾನೋಸ್, ಅಂದರೆ ಉರಿಮೂತ್ರ ತಡೆಯುತ್ತದೆಂದು ಮಾರುವ ಒಂದು ಬಗೆಯ ಸಕ್ಕರೆ. ವರ್ಷಕ್ಕೆ ಮೂರು ಸಲ ಉರಿಮೂತ್ರ ಅನುಭವಿಸಿದವರು ಬೆಲೆ ಕೇಳಿ ಹಿಂದೆ ಸರಿಯುವುದಿಲ್ಲ. ನಮ್ಮೂರಿನ ಬಿಸಿಲು, ಮಧ್ಯಾಹ್ನ ಮೂರರವರೆಗೆ ನಿಂತು ಪಾಠ, ಶೌಚಾಲಯದ ನಲ್ಲಿಯಲ್ಲಿ ನೀರಿರುವುದಿಲ್ಲವೆಂದು ಕುಡಿಯುವ ನೀರನ್ನೇ ಬಿಡುವುದು: ಕಾರಣಗಳೆಲ್ಲ ನನಗೆ ಗೊತ್ತು. ಪದವಿ ತರಗತಿಗೆ ಸೂಕ್ಷ್ಮಜೀವಶಾಸ್ತ್ರ ಕಲಿಸುವವಳು ನಾನು. ಓದಿದ್ದು ಅಷ್ಟರಮಟ್ಟಿಗೆ ಉಪಯೋಗಕ್ಕೆ ಬಂದಿದೆ!

ಪುಡಿ ಹೇಗೆ ಕೆಲಸ ಮಾಡುತ್ತದೆಂದು ತೋರಿಸುವ ಡಬ್ಬಿಯ ಮೇಲಿನ ಚಿತ್ರ ಸುಳ್ಳಲ್ಲ. ಉರಿಮೂತ್ರ ತರುವ ಇ. ಕೊಲೈ ಬ್ಯಾಕ್ಟೀರಿಯಾದ ಮೈತುಂಬ ಪೈಲಿ ಎಂಬ ಕೂದಲುಗಳಿರುತ್ತವೆ. ದಪ್ಪ ಸುಮಾರು 7 ನ್ಯಾನೋಮೀಟರ್, ಉದ್ದ ಒಂದೆರಡು ಮೈಕ್ರೋಮೀಟರ್. ಒಂದೊಂದರ ತುದಿಯಲ್ಲೂ ಫಿಮ್‌ಎಚ್ ಎಂಬ ಪ್ರೋಟೀನಿದೆ. ನಮ್ಮ ಮೂತ್ರಕೋಶದ ಒಳಗೋಡೆಯ ಯೂರೋಪ್ಲೇಕಿನ್ ಪ್ರೋಟೀನುಗಳಿಗೆ ಜೀವಕೋಶವು ಸಕ್ಕರೆಯ ಸರಗಳನ್ನು ಪೋಣಿಸಿರುತ್ತದೆ. ಈ ಕೆಲಸಕ್ಕೇ ಗ್ಲೈಕೋಸಿಲೇಷನ್ ಎನ್ನುವುದು. ಆ ಸರದ ಮ್ಯಾನೋಸನ್ನು ಫಿಮ್‌ಎಚ್ ಹಿಡಿದುಕೊಳ್ಳುತ್ತದೆ. ಮೂತ್ರದ ಹರಿವು ಎಳೆದರೆ ಹಿಡಿತ ಸಡಿಲವಾಗಬೇಕಿತ್ತು. ಆದರೆ ಜೀರುಗುಣಿಕೆಯ ಹಾಗೆ ಬಿಗಿಯುತ್ತದೆ. ಮೂತ್ರದಲ್ಲಿ ಬಿಡಿ ಮ್ಯಾನೋಸ್ ತೇಲುತ್ತಿದ್ದರೆ ಪೈಲಿ ಅದನ್ನೇ ಹಿಡಿದು ಕೊಚ್ಚಿಹೋಗಲಿ ಎಂಬುದು ಈ ಪುಡಿಯ ಉಪಾಯ.

ಒಳಗಿನ ಕರಪತ್ರ ಮಾತ್ರ ಎಡವಿದೆ. ‘ಸಕ್ಕರೆ ಲೇಪಿತ ಪೈಲಿ’ ಎಂದು ಅಚ್ಚು ಹಾಕಿದ್ದಾರೆ. ಇಲ್ಲಿ ಸಕ್ಕರೆ ಇರುವುದು ನಮ್ಮ ಗೋಡೆಯಲ್ಲಿ, ಪೈಲಿ ಬರೀ ಹಿಡಿಯುವ ಕೈ. ತನ್ನ ಪೈಲಿಗೇ ಸಕ್ಕರೆ ಪೋಣಿಸಿಕೊಳ್ಳುವ ಜೀವಿಗಳು ಬೇರೆ. ಮಿದುಳುಪೊರೆಯ ಉರಿಯೂತ ತರುವ ನೈಸೀರಿಯಾ ಬ್ಯಾಕ್ಟೀರಿಯಾದ ಪೈಲಿ ಕಟ್ಟುವ ಪಿಲಿನ್ ಪ್ರೋಟೀನಿನಲ್ಲಿ 63ನೆಯ ಸ್ಥಾನದ ಸೀರಿನ್ ಎಂಬ ಅಮೈನೋ ಆಮ್ಲದ ಮೇಲೆ ಸಕ್ಕರೆ ಕೂತಿರುತ್ತದೆ. ಪರೀಕ್ಷೆಯಲ್ಲಿ ಹೀಗೆ ಕಲಸಿ ಬರೆದವರಿಗೆ ನಾನು ಅಂಕ ಕೊಡುವುದಿಲ್ಲ.

ಕೊಟ್ಟ ದುಡ್ಡಿಗೆ ನಿಜವಾದ ಮ್ಯಾನೋಸ್ ಸಿಕ್ಕಿದೆಯೇ? ಮೊದಲ ವಾರವೇ ಪ್ರಯೋಗಾಲಯದಲ್ಲಿ ನೋಡಿಬಿಟ್ಟೆ. ನಿರಪಾಯದ ಇ. ಕೊಲೈ ತಳಿಯನ್ನು ಎರಡು ದಿನ ಅಲುಗಾಡಿಸದೆ ದ್ರವದಲ್ಲಿ ಬೆಳೆಸಿದರೆ ಪೈಲಿ ಚೆನ್ನಾಗಿ ಬರುತ್ತವೆ. ಬೇಕರಿಯ ಯೀಸ್ಟಿನ ಮೈಮೇಲೂ ಮ್ಯಾನೋಸ್ ಸರಗಳಿವೆ. ಗಾಜಿನ ಪಟ್ಟಿಯ ಮೇಲೆ ಎರಡರದೂ ಒಂದೊಂದು ಹನಿ ಸೇರಿಸಿ ಓಲಾಡಿಸಿದೆ. ಪೈಲಿ ಯೀಸ್ಟನ್ನು ಹಿಡಿದುಕೊಂಡು, ಹಾಲು ಒಡೆದ ಹಾಗೆ ಬಿಳಿ ಹರಳು ಹರಳಾಯಿತು. ಇನ್ನೊಂದು ಪಟ್ಟಿಯಲ್ಲಿ ಪೊಟ್ಟಣದ ಪುಡಿ ಕರಗಿಸಿದ ನೀರನ್ನು ಮೊದಲೇ ಬೆರೆಸಿದ್ದೆ. ಹನಿ ಕೊನೆಯವರೆಗೂ ತಿಳಿಗಂಜಿಯಂತೆ ನಯವಾಗಿಯೇ ಉಳಿಯಿತು. ಮನೆಯ ಸಕ್ಕರೆ ಹಾಕಿದ ಮೂರನೆಯದರಲ್ಲಿ ಮತ್ತೆ ಹರಳು. ಪುಡಿ ಅಸಲಿ, ಅನುಮಾನವಿಲ್ಲ.

ರುಚಿ ಸಪ್ಪೆ ಸಿಹಿ, ತಣ್ಣೀರಿನಲ್ಲೂ ಕರಗುತ್ತದೆ. ಮೊದಲ ಕೆಲವು ದಿನ ಹೊಟ್ಟೆ ಉಬ್ಬರಿಸಿತು. ಪೊಟ್ಟಣವನ್ನು ಕತ್ತರಿಯಿಲ್ಲದೆ ಹರಿಯಲಾಗದು.

ನಲವತ್ತನೆಯ ದಿನ ಉರಿ ಶುರುವಾಯಿತು. ವರದಿಯಲ್ಲಿ ಅದೇ ಇ. ಕೊಲೈ, ಮಿಲಿಲೀಟರಿಗೆ 1 ಲಕ್ಷಕ್ಕೂ ಮೇಲೆ. ವೈದ್ಯರು ಬರೆದುಕೊಟ್ಟ ನೈಟ್ರೋಫ್ಯುರಂಟೋಯಿನ್ ಎಂಬ ಪ್ರತಿಜೈವಿಕವನ್ನು ಐದು ದಿನ ನುಂಗಿದ ಮೇಲೆ ಇಳಿಯಿತು. ಗಾಜಿನ ಮೇಲೆ ಪುಡಿ ನೇರವಾಗಿ ಪೈಲಿಗೆ ಸಿಗುತ್ತದೆ. ಕುಡಿದದ್ದು ಕರುಳು, ರಕ್ತ, ಮೂತ್ರಪಿಂಡ ದಾಟಿಕೊಂಡು ಬರಬೇಕು. ಅಲ್ಲದೆ ಮೂತ್ರಪಿಂಡಕ್ಕೆ ಹತ್ತುವ ತಳಿಗಳಲ್ಲಿ ಇನ್ನೊಂದು ಬಗೆಯ ಪೈಲಿ ಇರುತ್ತವೆ. ಅವು ಹಿಡಿಯುವುದು ಜೋಡಿ ಗ್ಯಾಲಕ್ಟೋಸನ್ನು. ಅವುಗಳ ಮುಂದೆ ಮ್ಯಾನೋಸ್ ಎಷ್ಟು ಸುರಿದರೂ ವ್ಯರ್ಥ.

ಕರಪತ್ರವು 308 ಮಹಿಳೆಯರ 2014ರ ಪ್ರಯೋಗವನ್ನು ಕೊಂಡಾಡುತ್ತದೆ. ಅದರಲ್ಲಿ ಪುಡಿ ಕುಡಿಯದವರಿಗೆ ಹೋಲಿಕೆಗೆಂದು ಮ್ಯಾನೋಸಿಲ್ಲದ ಹುಸಿ ಪುಡಿಯನ್ನೇನೂ ಕೊಟ್ಟಿರಲಿಲ್ಲ. 2024ರಲ್ಲಿ ಬ್ರಿಟನ್ನಿನಲ್ಲಿ 598 ಮಹಿಳೆಯರ ಮೇಲೆ, ಹುಸಿ ಪುಡಿಯನ್ನೂ ಇಟ್ಟುಕೊಂಡು, ಆರು ತಿಂಗಳು ನಡೆಸಿದ ಪ್ರಯೋಗದಲ್ಲಿ ಮ್ಯಾನೋಸ್ ಕುಡಿದವರಲ್ಲಿ ಶೇ. 51, ಹುಸಿ ಪುಡಿ ಕುಡಿದವರಲ್ಲಿ ಶೇ. 55.7 ಮಂದಿ ಮತ್ತೆ ಸೋಂಕೆಂದು ವೈದ್ಯರ ಬಳಿ ಹೋದರು. ಗಣನೆಗೆ ತೆಗೆದುಕೊಳ್ಳುವಂಥ ವ್ಯತ್ಯಾಸವಲ್ಲ. ಈ ಸಂಗತಿ ಡಬ್ಬಿಯ ಯಾವ ಮಗ್ಗುಲಲ್ಲೂ ಇಲ್ಲ; ‘ರಕ್ಷಾಕವಚ’ ಎಂಬ ಪದ ಮಾತ್ರ ಮೂರು ಕಡೆ ಇದೆ.

ಐದಕ್ಕೆ ಎರಡು ನಕ್ಷತ್ರ, ಎರಡೂ ಪುಡಿಯ ಶುದ್ಧತೆಗೆ. ಉಳಿದ 19 ಪೊಟ್ಟಣಗಳನ್ನು ಪ್ರಯೋಗಾಲಯದ ಕಪಾಟಿನಲ್ಲಿ ಯೀಸ್ಟಿನ ಡಬ್ಬದ ಪಕ್ಕ ಇಟ್ಟಿದ್ದೇನೆ. ಮುಂದಿನ ಸೆಮಿಸ್ಟರಿನ ಮಕ್ಕಳಿಗೆ ಮೂರು ಪಟ್ಟಿಗಳನ್ನೂ ಮಾಡಿ ತೋರಿಸಬೇಕು.