ಆತಂಕ, ಎಡಿಎಚ್‌ಡಿ ಎರಡೂ ಇರೋರಿಗೆ ಸಿಬಿಟಿ: ಎರಡು ವರ್ಷ ಬಳಸಿದ ಮೇಲೆ

ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಯೋಚನೆ ಮತ್ತು ನಡವಳಿಕೆ ಮೇಲೆ ಕೆಲಸ ಮಾಡೋ ಮಾತಿನ ಚಿಕಿತ್ಸೆ) ವಿವರವಾಗಿ ಅಂದರೇನು, ಎಷ್ಟು ಸೆಷನ್ ಬೇಕು, ಆನ್‌ಲೈನ್ ಒಳ್ಳೇದಾ ನೇರವಾಗಿ ಹೋಗೋದಾ ಅನ್ನೋದೆಲ್ಲ ಯಾವ ಕ್ಲಿನಿಕ್‌ನ ವೆಬ್‌ಸೈಟ್ ತೆಗೆದರೂ ಸಿಗುತ್ತೆ, ಅದನ್ನು ಬಿಟ್ಟುಬಿಡ್ತೀನಿ. ನಾನು ಹೋಗೋದು ಬೆಂಗಳೂರಿನ ಒಂದು ಖಾಸಗಿ ಕ್ಲಿನಿಕ್‌ಗೆ. ವಾರಕ್ಕೊಂದು ಸೆಷನ್, 50 ನಿಮಿಷ, 1,500 ರೂಪಾಯಿ. ಹದಿನಾರರಿಂದ ಇಪ್ಪತ್ತೈದರ ಒಳಗಿನ, ಆತಂಕ ಮತ್ತು ಎಡಿಎಚ್‌ಡಿ (ಗಮನ ನಿಲ್ಲದಿರೋದು, ಮರೆವು, ಚಡಪಡಿಕೆಯ ಸಮಸ್ಯೆ) ಎರಡೂ ಇರುವವರು ಇದಕ್ಕೆ ದುಡ್ಡು ಹಾಕಬಹುದಾ ಅಂತ ಕೇಳಿದರೆ, ಹಾಕಬಹುದು. ಆದರೆ ಮೊದಲ ಕೆಲವು ತಿಂಗಳು ಒಂದು ಹಾಳೆ ನಿಮ್ಮ ಪ್ರಾಣ ತಿನ್ನುತ್ತೆ.

ಆ ಹಾಳೆಯ ಹೆಸರು ಥಾಟ್ ರೆಕಾರ್ಡ್. ಏಳು ಕಾಲಂ: ಏನಾಯ್ತು, ಎಷ್ಟು ಭಯವಾಯ್ತು (ನೂರಕ್ಕೆ), ತಲೆಗೆ ಬಂದ ಯೋಚನೆ, ಅದಕ್ಕೆ ಸಾಕ್ಷಿ, ಅದರ ವಿರುದ್ಧ ಸಾಕ್ಷಿ, ಎರಡನ್ನೂ ತೂಗಿದ ಮೇಲಿನ ಯೋಚನೆ, ಈಗ ಭಯ ಎಷ್ಟು. ಬರೀ ಆತಂಕ ಇರೋರಿಗೆ ಇದು ಚೆನ್ನಾಗಿ ಒಗ್ಗುತ್ತೆ. ಹಿಂದೆ ಎಲ್ಲ ವೈವಾ ಪಾಸಾದವರು "ಈ ಸಲ ಫೇಲ್ ಆಗ್ತೀನಿ" ಅಂತ ಬರೆದರೆ ನಾಲ್ಕನೇ ಕಾಲಂ ಖಾಲಿ ಉಳಿಯುತ್ತೆ, ಯೋಚನೆಯ ಹಿಡಿತ ಸಡಿಲವಾಗುತ್ತೆ. ಎಡಿಎಚ್‌ಡಿಯೂ ಇದ್ದರೆ ಅದೇ ಕಾಲಂ ತುಂಬಿ ಹಾಳೆಯ ಹಿಂಬದಿಗೆ ಹೋಗುತ್ತೆ. "ಲ್ಯಾಬ್ ರೆಕಾರ್ಡ್ ಸಬ್‌ಮಿಟ್ ಮಾಡೋದು ಮರೆತುಬಿಡ್ತೀನಿ." ಹೋದ ಸೆಮಿಸ್ಟರ್ ಮರೆತಿತ್ತು. "ಬಸ್ ತಪ್ಪುತ್ತೆ." ಮೊನ್ನೆ ತಾನೇ ತಪ್ಪಿತು. "ಅವರು ಮಾತಾಡ್ತಿರುವಾಗಲೇ ಮನಸ್ಸು ಎಲ್ಲೋ ಹೋಗಿ, ಪ್ರಶ್ನೆ ಕೇಳಿದಾಗ ಪೆಚ್ಚಾಗ್ತೀನಿ." ವಾರಕ್ಕೊಮ್ಮೆ ಗ್ಯಾರಂಟಿ. ಇಲ್ಲಿ ಆತಂಕ ದಾಖಲೆ ಮುಂದಿಟ್ಟುಕೊಂಡೇ ಮಾತಾಡುತ್ತೆ. ಅದರ ಜೊತೆ ವಾದಕ್ಕಿಳಿದರೆ ಸೋಲೋದು ನಾವೇ.

ಇನ್ನೊಂದು ಕಿರಿಕಿರಿ: ಹೋಂವರ್ಕ್ ಮಾಡೋಕೆ ನೆನಪಿಡಬೇಕು, ಶುರು ಮಾಡಬೇಕು, ಮುಗಿಸಬೇಕು. ಇವು ಮೂರೂ ಆಗಲ್ಲ ಅಂತ ತಾನೇ ಅಲ್ಲಿಗೆ ಬಂದಿರೋದು? ಖಾಲಿ ಹಾಳೆ ಹಿಡಿದು ಹೋಗೋಕೆ ನಾಚಿಕೆ, ನಾಚಿಕೆಯಿಂದ ಸೆಷನ್ ಕ್ಯಾನ್ಸಲ್. ಕ್ಯಾನ್ಸಲ್ ಮಾಡೋದನ್ನು 24 ಗಂಟೆ ಮುಂಚೆ ತಿಳಿಸದಿದ್ದರೆ ಪೂರ್ತಿ ಶುಲ್ಕ. ಕ್ಲಿನಿಕ್‌ನವರ ರಿಮೈಂಡರ್ ಮೆಸೇಜ್ ಬರೋದೂ ಸರಿಯಾಗಿ 24 ಗಂಟೆ ಮುಂಚೆ, ಅಂದರೆ ಅದನ್ನು ಓದುವ ಹೊತ್ತಿಗೆ ಗಡುವು ಮುಗಿದಿರುತ್ತೆ. ಮರೆವಿಗೆ ಚಿಕಿತ್ಸೆ ಕೊಡೋ ಜಾಗದಲ್ಲೇ ಮರೆವಿಗೆ ದಂಡ! ಎರಡು ದಿನ ಮೊದಲು ಕಳಿಸಿ ಅಂತ ಕೇಳಿದ್ದಕ್ಕೆ "ಸಿಸ್ಟಂನಲ್ಲಿ ಆಗಲ್ಲ" ಅಂದರು. ಇವತ್ತಿಗೂ ಆಗಿಲ್ಲ.

ಹಾಗಿದ್ದೂ ಬಿಡದೇ ಇರೋದಕ್ಕೆ ಕಾರಣ, ಥೆರಪಿಸ್ಟ್ ಆ ಹಾಳೆಯನ್ನು ಪಕ್ಕಕ್ಕಿಟ್ಟು ಖಾಲಿ ಕಾಗದದ ನಡುವೆ ಒಂದು ಗೆರೆ ಎಳೆದದ್ದು. ಎಡಗಡೆ "ಆಗಿರೋದು", ಬಲಗಡೆ "ಆಗಬಹುದು ಅಂತ ಅನ್ನಿಸೋದು". ಪ್ರತಿ ಆತಂಕಕ್ಕೂ ಒಂದೇ ಪ್ರಶ್ನೆ: ಕಳೆದ ಮೂರು ತಿಂಗಳಲ್ಲಿ ಇದು ನಿಜವಾಗಿ ನಡೆದಿದೆಯಾ? ನಡೆದಿದ್ದರೆ ಅದಕ್ಕೆ ಬೇಕಿರೋದು ವ್ಯವಸ್ಥೆ, ಸಮಾಧಾನದ ಮಾತಿನಿಂದ ಏನೂ ಆಗಲ್ಲ. ನಡೆದಿಲ್ಲದಿದ್ದರೆ ಆಗ ಥಾಟ್ ರೆಕಾರ್ಡ್ ತೆಗೀಬಹುದು. ಬಹಳಷ್ಟು ಆತಂಕಗಳು ಅರ್ಧ ಆ ಕಡೆ, ಅರ್ಧ ಈ ಕಡೆ. "ರೆಕಾರ್ಡ್ ಮರೆತುಬಿಡ್ತೀನಿ" ಎಡಗಡೆಗೆ ಹೋಗುತ್ತೆ. "ಎಲ್ಲರ ಮುಂದೆ ಬೈದು, ಇಂಟರ್ನಲ್ಸ್ ಕಟ್ ಮಾಡಿ, ಅಲ್ಲಿಗೆ ನನ್ನ ಕಥೆ ಮುಗೀತು" ಬಲಗಡೆಗೆ. ವಾಕ್ಯವನ್ನು ಆ ಜಾಗದಲ್ಲಿ ಕತ್ತರಿಸೋದು ಕಲಿತರೆ ಕೊಟ್ಟ ದುಡ್ಡಿನ ಅರ್ಧ ಅಲ್ಲೇ ವಸೂಲಿ.

ಎಡಗಡೆಯ ಕೆಲಸಗಳು ನೋಡೋಕೆ ಚಿಲ್ಲರೆ. ಬಾಗಿಲ ಪಕ್ಕದ ಸ್ಟೂಲ್ ಮೇಲೆ ಒಂದು ಸ್ಟೀಲ್ ತಟ್ಟೆ. ಕೀ, ಪರ್ಸ್, ಐಡಿ ಕಾರ್ಡ್, ಇಯರ್‌ಫೋನ್ ಅದರಲ್ಲೇ. ಮುಚ್ಚಳ ಇರಬಾರದು, ಮುಚ್ಚಿಟ್ಟದ್ದು ಕಣ್ಣಿಗೆ ಬೀಳಲ್ಲ, ಕಣ್ಣಿಗೆ ಬೀಳದ್ದು ಈ ತಲೆಗೆ ಇಲ್ಲದ ಹಾಗೇ. ಸ್ಟೀಲೇ ಯಾಕೆ ಅಂದರೆ, ಕೀ ಬಿದ್ದಾಗ ಠಣ್ ಅನ್ನುತ್ತೆ, ಇಟ್ಟದ್ದು ನೆನಪಿರುತ್ತೆ. ರಾತ್ರಿ ಊಟ ಆದ ಮೇಲೆ ಐದು ನಿಮಿಷ ನಾಳೆಯ ಚೀಟಿ: ಅಂಗೈಯಗಲದ ಕಾಗದ, ಮೂರೇ ಕೆಲಸ, ಪ್ರತಿಯೊಂದರ ಮೊದಲ ಹೆಜ್ಜೆ ಮಾತ್ರ. "ರೆಕಾರ್ಡ್ ಬರೆಯೋದು" ಅಂತ ಬರೆದರೆ ಅದು ಆಗೋ ಮಾತಲ್ಲ. "ರೆಕಾರ್ಡ್ ಬುಕ್ ಬ್ಯಾಗಿಂದ ತೆಗೆದು, ಐದನೇ ಪ್ರಯೋಗದ ಪುಟ ತೆರೆದು, ಮಾರ್ಜಿನ್ ಹಾಕೋದು" ಅಂತ ಬರೆದರೆ ಆಗುತ್ತೆ. ಚೀಟಿ ಹೋಗಿ ಕೂರೋದೂ ಅದೇ ತಟ್ಟೆಯಲ್ಲಿ, ಕೀ ಕೆಳಗೆ.

ಓದೋಕೆ 25 ನಿಮಿಷದ ಟೈಮರ್ ಅಂತ ಎಲ್ಲರೂ ಹೇಳ್ತಾರೆ. ಇಲ್ಲಿ ಮೊದಲು ಅಳತೆ ತಗೋತಾರೆ: ಬೇಜಾರಿನ ವಿಷಯ ಹಿಡಿದು ಕೂತರೆ ಮೊದಲ ಸಲ ಕೈ ಫೋನಿಗೆ ಹೋಗೋದು ಎಷ್ಟು ನಿಮಿಷಕ್ಕೆ? ಹನ್ನೆರಡಾದರೆ ಟೈಮರ್ ಹನ್ನೆರಡಕ್ಕೇ. ಪಕ್ಕದಲ್ಲೊಂದು ಖಾಲಿ ಹಾಳೆ. ನಡುವೆ ಏನೇ ನೆನಪಾದರೂ (ರೀಚಾರ್ಜ್, ಯಾರಿಗೋ ರಿಪ್ಲೈ) ಎರಡು ಪದ ಗೀಚಿ ವಾಪಸ್ ಬರೋದು, ಟೈಮರ್ ಹೊಡೆದ ಮೇಲೆ ನೋಡೋದು. ಆ ಪಟ್ಟಿಯಲ್ಲಿ ಮುಕ್ಕಾಲು ಪಾಲು ಆಗ ಬೇಡವೇ ಆಗಿರುತ್ತೆ. ಟೈಮರ್ ಫೋನಿನದ್ದಾಗಬಾರದು. ಅಡುಗೆಮನೆಯ ತಿರುಗಿಸೋ ಟೈಮರ್ ಸಾಕು.

ಬಲಗಡೆಯದಕ್ಕೆ ಎಕ್ಸ್‌ಪೋಷರ್, ಭಯ ಆಗೋದನ್ನು ಮೆಟ್ಟಿಲು ಮೆಟ್ಟಿಲಾಗಿ ಮಾಡೋದು. ಲೈಬ್ರರಿಯಲ್ಲಿ ಪುಸ್ತಕ ಎಲ್ಲಿದೆ ಅಂತ ಕೇಳೋದಕ್ಕೆ ಭಯ ನೂರಕ್ಕೆ 30, ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಹತ್ತಿರ ಸಹಿಗೆ ಹೋಗೋದಕ್ಕೆ 60, ವೈವಾಗೆ 90, ಹೀಗೆ. ಎಡಿಎಚ್‌ಡಿ ಇರೋರು ಇಲ್ಲಿ ಎರಡು ಥರ ಕೆಡಿಸಿಕೊಳ್ತಾರೆ. ಒಂದು, ಹುಮ್ಮಸ್ಸಿನಲ್ಲಿ 30ರಿಂದ ನೇರ 90ಕ್ಕೆ ಹಾರಿ, ಮುಗ್ಗರಿಸಿ, ಮುಂದಿನ ವಾರ ಕೈಬಿಡೋದು. ಇನ್ನೊಂದು, ಒಂದೇ ಮೆಟ್ಟಿಲನ್ನು ಮತ್ತೆ ಮತ್ತೆ ಮಾಡೋಕೆ ಬೋರಾಗಿ, ಕಾಯುವಾಗ ರೀಲ್ಸ್ ನೋಡ್ತಾ ನಿಲ್ಲೋದು. ಎಚ್‌ಒಡಿ ಬಾಗಿಲಲ್ಲಿ ಫೋನ್ ನೋಡ್ತಾ ನಿಂತರೆ ಹೋಗಿ ಬಂದ ಲೆಕ್ಕ ಬರುತ್ತೆ, "ಭಯ ಇದ್ದೂ ಏನೂ ಆಗಲಿಲ್ಲ" ಅನ್ನೋ ಪಾಠ ತಲೆಗೆ ಇಳಿಯಲ್ಲ. ಫೋನ್ ಬ್ಯಾಗಿನೊಳಗೆ, ಮೆಟ್ಟಿಲು ಅದೇ, ಜಾಗ ಬೇರೆ ಬೇರೆ: ಇದು ಬೋರಿಗೂ ಮದ್ದು. ಕಣ್ಣು ಮುಚ್ಚಿ ಉಸಿರಾಟ ಗಮನಿಸೋದು ಈ ಜಾತಿಯ ತಲೆಗೆ ಶಿಕ್ಷೆ, ಅದರ ಬದಲು ನಡೀತಾ ಹೆಜ್ಜೆ ಎಣಿಸಬಹುದು ಅಂತ ಥೆರಪಿಸ್ಟೇ ಒಪ್ಪಿಕೊಂಡರು.

ಪ್ರಗತಿ ಅಳೆಯೋಕೆ ಕೊಡೋ ಜಿಎಡಿ-7 ಅನ್ನೋ ಆತಂಕದ ಪ್ರಶ್ನಾವಳಿ ಬಗ್ಗೆ ಒಂದು ಮಾತು. ಏಳು ಪ್ರಶ್ನೆ, ಒಟ್ಟು 21 ಅಂಕ. 5, 10, 15 ಮುಟ್ಟಿದರೆ ಕ್ರಮವಾಗಿ ಸೌಮ್ಯ, ಮಧ್ಯಮ, ತೀವ್ರ. ಅದರಲ್ಲಿ ನಾಲ್ಕನೆಯದು ನೆಮ್ಮದಿಯಾಗಿ ಇರೋಕಾಗದ ಬಗ್ಗೆ, ಐದನೆಯದು ಒಂದು ಕಡೆ ಕೂರಲಾರದ ಚಡಪಡಿಕೆ ಬಗ್ಗೆ. ಆತಂಕ ಇಲ್ಲದಿದ್ದರೂ ಎಡಿಎಚ್‌ಡಿಯೊಂದೇ ಇವೆರಡಕ್ಕೂ ಅಂಕ ತಂದುಕೊಡುತ್ತೆ. ಒಟ್ಟು ಅಂಕ ಇಳೀತಿಲ್ಲ ಅಂತ ಕೊರಗೋ ಬದಲು ಚಿಂತೆಗೆ ಸಂಬಂಧಪಟ್ಟ ಎರಡು, ಮೂರು, ಏಳನೇ ಪ್ರಶ್ನೆಗಳನ್ನು ಬೇರೆಯಾಗಿ ನೋಡಿ ಅಂತ ಥೆರಪಿಸ್ಟ್‌ಗೆ ಹೇಳಬೇಕು.

ಮಾತ್ರೆ ಸೈಕಾಲಜಿಸ್ಟ್ ಬರೆಯಲ್ಲ, ಸೈಕಿಯಾಟ್ರಿಸ್ಟ್ ಬರೀಬೇಕು. ಎಡಿಎಚ್‌ಡಿಗೆ ಕೊಡೋ ಮೀಥೈಲ್‌ಫೆನಿಡೇಟ್ ಶೆಡ್ಯೂಲ್ ಎಕ್ಸ್ (ಬಿಗಿ ನಿಯಂತ್ರಣದ ಪಟ್ಟಿಯ) ಔಷಧಿ, ಅದಕ್ಕೆ ಬೇರೆ ಲೈಸೆನ್ಸ್ ಬೇಕಾದ್ದರಿಂದ ಬೀದಿಯ ಮೆಡಿಕಲ್ ಶಾಪ್‌ನಲ್ಲಿ ಸಾಮಾನ್ಯವಾಗಿ ಸಿಗಲ್ಲ. ಡಾಕ್ಟರ್ ಚೀಟಿ ಎರಡು ಪ್ರತಿ ಬೇಕು, ಒಂದು ಅಂಗಡಿಯಲ್ಲೇ ಉಳಿಯುತ್ತೆ. ಇದರಿಂದ ಎದೆಬಡಿತ ಏರಬಹುದು, ಹಸಿವು ಕಡಿಮೆಯಾಗಬಹುದು. ಆ ಎದೆಬಡಿತವನ್ನೇ ಆತಂಕ ಅಂದುಕೊಂಡು ಸೆಷನ್ ಪೂರ್ತಿ ಅದರ ಮೇಲೆ ಕಳೆಯೋದು ಸುಲಭ. ಮಾತ್ರೆ ತಗೊಂಡ ಹೊತ್ತು, ಕಾಫಿ ಕುಡಿದ ಹೊತ್ತು, ಎದೆ ಹೊಡೆದುಕೊಂಡ ಹೊತ್ತು ಈ ಮೂರನ್ನು ಒಂದು ವಾರ ಬರೆದು ಥೆರಪಿಸ್ಟ್, ಸೈಕಿಯಾಟ್ರಿಸ್ಟ್ ಇಬ್ಬರಿಗೂ ತೋರಿಸಿ. ಮಾತ್ರೆ ನೀವೇ ನಿಲ್ಲಿಸಬೇಡಿ.

ಹದಿನೆಂಟು ತುಂಬದವರ ಅಪ್ಪ ಅಮ್ಮನನ್ನು ಸೆಷನ್‌ನ ಕೊನೆಯ ಹತ್ತು ನಿಮಿಷ ಒಳಗೆ ಕರೀತಾರೆ. ಏನು ಹೇಳಬಹುದು, ಏನು ಹೇಳಬಾರದು ಅಂತ ಹುಡುಗ ಅಥವಾ ಹುಡುಗಿಯ ಹತ್ತಿರ ಮೊದಲೇ ಕೇಳಿಕೊಂಡಿರಬೇಕು, ಇಲ್ಲದಿದ್ದರೆ ಮುಂದಿನ ವಾರದಿಂದ ಬಾಯಿ ಬಂದ್. ಮನೆಯವರಿಗೆ ಸಿಗೋ ಕೆಲಸ ಒಂದೇ: ಬಾಗಿಲಲ್ಲಿ "ಹಾಲ್ ಟಿಕೆಟ್ ತಗೊಂಡ್ಯಾ ಮಗಾ? ಪೆನ್ನು? ಇನ್ನೊಂದ್ಸಲ ನೋಡ್ಕೋ" ಅನ್ನೋದನ್ನು ನಿಲ್ಲಿಸೋದು. ಕೇಳಿದಷ್ಟೂ ಸಲ ಮಕ್ಕಳ ಎದೆ ಧಸಕ್ ಅನ್ನುತ್ತೆ, ನೆನಪಿಡೋ ಕೆಲಸ ಅಮ್ಮನ ಹತ್ತಿರವೇ ಉಳಿಯುತ್ತೆ. ಬದಲಿಗೆ "ತಟ್ಟೆ ನೋಡಿದ್ಯಾ?" ಅಂತ ಒಂದು ಸಲ ಕೇಳಿದರೆ ಸಾಕು.

ಹೊಸದಾಗಿ ಹುಡುಕೋರು: ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಇದ್ದರೆ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಸಂಖ್ಯೆ ಕೇಳಿ. ಮೊದಲ ಫೋನ್‌ನಲ್ಲೇ "ಹೋಂವರ್ಕ್ ಮಾಡದೇ ಬಂದರೆ ಏನು ಮಾಡ್ತೀರಿ?" ಅಂತಲೂ ಕೇಳಿ. "ಯಾಕೆ ಮಾಡೋದು ಮುಖ್ಯ ಅಂತ ಮಾತಾಡ್ತೀವಿ" ಅಂದರೆ ಮುಂದಿನ ನಂಬರ್ ನೋಡಿ. "ಅವತ್ತು ಇಲ್ಲೇ ಕೂತು ಹತ್ತು ನಿಮಿಷದಲ್ಲಿ ಮಾಡ್ತೀವಿ, ಎಲ್ಲಿ ಸಿಕ್ಕಿಕೊಳ್ತು ನೋಡ್ತೀವಿ" ಅಂದರೆ ಸ್ಲಾಟ್ ಬುಕ್ ಮಾಡಿ.

ತಿಂಗಳಿಗೆ ಆರು ಸಾವಿರ ನನ್ನ ಜೇಬಿಗೆ ಭಾರ. ಕೌಶಲಗಳು ಕೈಗೆ ಹತ್ತಿದ ಮೇಲೆ ಹದಿನೈದು ದಿನಕ್ಕೊಮ್ಮೆ ಮಾಡಿಕೊಂಡಿದ್ದೇನೆ, ನಷ್ಟ ಆಗಿಲ್ಲ. ಇದೂ ಕಷ್ಟ ಅನ್ನೋರಿಗೆ ನಿಮ್ಹಾನ್ಸ್‌ನ ಹೊರರೋಗಿ ವಿಭಾಗ ಇದೆ, ಬೆಳಗ್ಗೆಯೇ ಹೋಗಿ ಕಾಯೋ ತಯಾರಿ ಬೇಕು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ (14416) ಉಚಿತ, ಕನ್ನಡದಲ್ಲೇ ಮಾತಾಡಬಹುದು, ದಿನದ 24 ಗಂಟೆಯೂ ಇರುತ್ತೆ. ವಾರಕ್ಕೊಮ್ಮೆಯ ಥೆರಪಿಯ ಜಾಗಕ್ಕೆ ಅದು ಬರಲ್ಲ. ಆದರೆ ಬದುಕೋದೇ ಬೇಡ ಅನ್ನಿಸೋ ರಾತ್ರಿ ಮುಂದಿನ ಗುರುವಾರದ ಸ್ಲಾಟ್‌ಗೆ ಕಾಯಬೇಡಿ. ಆಗ ಆ ನಂಬರಿಗೆ ಮಾಡಿ, ಅಥವಾ ಮನೆಯವರನ್ನು ಎಬ್ಬಿಸಿ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.